ಹಿತ್ತಲ ಜನರೇಟರ್ ಮೇಲೆ ನಾವು ಕೊಟ್ಟ ದೂರು

ಶಬ್ದದ ಮೇಲೆ ದೂರು ಕೊಟ್ಟರೆ ಏನಾದರೂ ಆಗುತ್ತಾ ಅಂತ ಈಗೀಗ ಸುಮಾರು ಜನ ನನ್ನನ್ನು ಕೇಳುತ್ತಾರೆ. ಆಗುತ್ತದೆ. ಆದರೆ ‘ತುಂಬಾ ಗಲಾಟೆ, ನಿದ್ದೆ ಇಲ್ಲ’ ಅಂತಷ್ಟೇ ಬರೆದರೆ ಅದು ಫೈಲಿನಲ್ಲೇ ಉಳಿಯುತ್ತದೆ. ಸದ್ದು ಎಲ್ಲಿಂದ ಬರುತ್ತಿದೆ, ಎಷ್ಟು ಹೊತ್ತಿಗೆ, ಎಷ್ಟು ಡೆಸಿಬಲ್, ಯಾವ ನಿಯಮ ಮೀರಿದೆ ಅಂತ ಬರೆದರೆ ಯಾರಾದರೂ ಬಂದು ನೋಡುತ್ತಾರೆ. ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯವರು ಸೇರಿ ಇದನ್ನೇ ಮಾಡಿದೆವು. ಬೇರೆಯವರಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಮಲ್ಲೇಶ್ವರ. ಮನೆಯ ಹಿಂಭಾಗಕ್ಕೆ ಅಂಟಿಕೊಂಡಂತೆ ಒಂದು ಹಳೇ ಹೆಂಚಿನ ಮನೆ ಇತ್ತು, ಅದರ ಹಿತ್ತಲಲ್ಲಿ ದೊಡ್ಡ ಮಾವಿನ ಮರ. ಮನೆ ಮಾರಿಹೋಯಿತು. ಆ ಜಾಗದಲ್ಲಿ ನಾಲ್ಕು ಮಹಡಿಯ ಕಮರ್ಷಿಯಲ್ ಕಟ್ಟಡ ಎದ್ದಿತು. ಮರ ಉಳಿಯಿತು, ಆದರೆ ಅರ್ಧ ಕೊಂಬೆ ಹೋಯಿತು.

ಕಟ್ಟುವಾಗ ರಾತ್ರಿ ಹನ್ನೊಂದರ ಮೇಲೆ ಕಾಂಕ್ರೀಟ್ ಲಾರಿ ಬರುತ್ತಿತ್ತು. ಅದನ್ನು ನಿಲ್ಲಿಸುವುದು ಕಷ್ಟವಾಗಲಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ಓಡಿಸುವಂತಿಲ್ಲ ಅಂತ 2010ರಲ್ಲೇ ನಿಯಮ ಬಂದಿದೆ. 112ಕ್ಕೆ ಫೋನ್ ಮಾಡಿದೆವು, ಪೊಲೀಸರ ಹೊಯ್ಸಳ ಗಾಡಿ ಬಂತು, ಕೆಲಸ ನಿಂತಿತು. ಇಂಥದ್ದಕ್ಕೆ, ಮೈಕ್ ಹಾವಳಿಗೆ, ಪೊಲೀಸರನ್ನೇ ಕರೆಯಿರಿ. ಆ ಹೊತ್ತಿಗೆ ಆ ಕೆಲಸ ಅವರಿಂದಲೇ ಬೇಗ ಆಗುವುದು.

ನಿಜವಾದ ಕಷ್ಟ ಶುರುವಾದದ್ದು ಕಟ್ಟಡ ಮುಗಿದ ಮೇಲೆ. ಕಾಯಂ ಕರೆಂಟ್ ಕನೆಕ್ಷನ್ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲೇ ಮಹಡಿಗಳನ್ನು ಬಾಡಿಗೆಗೆ ಕೊಟ್ಟಿದ್ದರು. ಒಂದು ಮಹಡಿಯಲ್ಲಿ ನೈಟ್ ಶಿಫ್ಟ್ ನಡೆಸುವ ಆಫೀಸು. ಹಾಗಾಗಿ ಇಡೀ ಕಟ್ಟಡ ಹಗಲೂ ರಾತ್ರಿ ಜನರೇಟರ್ ಮೇಲೆ ನಡೆಯುತ್ತಿತ್ತು. 125 ಕೆವಿಎ (ಜನರೇಟರಿನ ಸಾಮರ್ಥ್ಯ ಹೇಳುವ ಅಳತೆ) ಸೆಟ್, ಬಾಡಿಗೆಗೆ ತಂದ ಹಳೇ ಮಾಲು. ನಮ್ಮ ಕಾಂಪೌಂಡಿನ ಆಚೆ, ಸೆಟ್‌ಬ್ಯಾಕ್‌ಗೆ ಬಿಟ್ಟ ಜಾಗದಲ್ಲಿ ತಂದು ಕೂರಿಸಿದ್ದರು. ಮೇಲೊಂದು ತಗಡಿನ ಶೀಟ್ ಬಿಟ್ಟರೆ ಅದಕ್ಕೆ ಬೇರೆ ಮರೆಯೇ ಇರಲಿಲ್ಲ.

ಜನರೇಟರ್ ಸದ್ದು ಹಾರ್ನ್ ಥರ ಅಲ್ಲ. ಹಾರ್ನ್ ಕಿವಿಗೆ ಹೊಡೆದು ಹೋಗುತ್ತದೆ. ಇದು ಹೋಗುವುದೇ ಇಲ್ಲ. ಕಿಟಕಿ ಮುಚ್ಚಿದರೆ ಮೇಲಿನ ಕರಕರ ಕಮ್ಮಿಯಾಗುತ್ತದೆ, ಕೆಳಗಿನ ‘ಗುಂ’ ಅನ್ನುವುದು ಗೋಡೆ ದಾಟಿಕೊಂಡು ಬಂದೇ ಬರುತ್ತದೆ. ತಗ್ಗಿನ ಸದ್ದಿಗೆ ಗೋಡೆ, ಗಾಜು ಅಷ್ಟಾಗಿ ಅಡ್ಡಿಯಾಗುವುದಿಲ್ಲ. ಅಮ್ಮ ರಾತ್ರಿ ಕುಡಿಯಲು ಅಂತ ತಲೆದೆಸೆಯ ಸ್ಟೂಲ್ ಮೇಲೆ ಸ್ಟೀಲ್ ಲೋಟದಲ್ಲಿ ನೀರಿಟ್ಟುಕೊಳ್ಳುತ್ತಾರೆ. ಲೋಟದ ಮೇಲಿನ ತಟ್ಟೆ ಸಣ್ಣಗೆ ಕಿರಗುಟ್ಟುತ್ತಿತ್ತು. ತಟ್ಟೆ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ನೀರಿನ ಮೇಲೆ ಸಣ್ಣ ಸಣ್ಣ ಗೆರೆ, ಅಂಚಿನಿಂದ ನಡುವಿಗೆ, ಬಿಡದೆ. ಅಮ್ಮನಿಗೆ ಎಪ್ಪತ್ತು ದಾಟಿದೆ, ಬಿಪಿ ಇದೆ. ‘ನಿದ್ದೆ ಬಂತೋ ಇಲ್ವೋ ಅಂತಾನೇ ಗೊತ್ತಾಗ್ತಿಲ್ಲ ಕಣೇ’ ಅನ್ನುತ್ತಿದ್ದರು.

ಅವರು ಹೇಳಿದ್ದು ಸರಿಯಾಗೇ ಇತ್ತು. ಮಲಗಿದಾಗ ಕಣ್ಣು ಮುಚ್ಚುತ್ತದೆ, ಕಿವಿ ಮುಚ್ಚುವುದಿಲ್ಲ. ಎಚ್ಚರವಾಗದಿದ್ದರೂ ಸದ್ದು ಮೆದುಳಿಗೆ ತಲುಪುತ್ತಲೇ ಇರುತ್ತದೆ. ಎದೆ ಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಅಡ್ರಿನಲಿನ್, ಕಾರ್ಟಿಸಾಲ್ ಥರದ ಹಾರ್ಮೋನುಗಳು ಹೆಚ್ಚುತ್ತವೆ, ಗಾಢ ನಿದ್ದೆ ಕಮ್ಮಿಯಾಗುತ್ತದೆ. ವರ್ಷಗಟ್ಟಲೆ ಹೀಗಾದರೆ ಹೃದಯಕ್ಕೇ ತೊಂದರೆ. ಒಳ್ಳೆ ನಿದ್ದೆಗೆ ಮಲಗುವ ಕೋಣೆಯೊಳಗೆ ಒಂದೇ ಸಮನೆ ಬರುವ ಸದ್ದು 30 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. 2009ರಲ್ಲಿ, ರಾತ್ರಿ ಮನೆಯ ಹೊರಗೆ 40ಕ್ಕಿಂತ ಕಮ್ಮಿ ಇರಬೇಕು ಅಂದಿತು. ‘ಬೆಂಗಳೂರಲ್ಲಿ ಇದ್ಮೇಲೆ ಅಡ್ಜಸ್ಟ್ ಮಾಡ್ಕೋಬೇಕು’ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುವುದು ಇದಕ್ಕೇ. ಮನಸ್ಸು ಅಡ್ಜಸ್ಟ್ ಆಗಬಹುದು, ರಕ್ತನಾಳ ಆಗುವುದಿಲ್ಲ.

ಮೊದಲು ಅಳೆಯಬೇಕಿತ್ತು. ಫೋನಿಗೆ ಪುಕ್ಕಟೆ ಸೌಂಡ್ ಮೀಟರ್ ಆಪ್‌ಗಳು ಸಿಗುತ್ತವೆ. ಅದರಲ್ಲಿ ಬರುವ ಅಂಕಿ ಕಾನೂನಿಗೆ ಸಾಕ್ಷಿ ಅಲ್ಲ. ಫೋನಿನ ಮೈಕ್ ಇರುವುದು ಮಾತಿಗೆ. ಆದರೂ ಸದ್ದು ಮಿತಿ ಮೀರಿದೆಯಾ, ಯಾವ ಹೊತ್ತಿಗೆ ಮೀರಿದೆ ಅಂತ ತಿಳಿಯಲು ಸಾಕು. ಆಪ್‌ನಲ್ಲಿ ‘ಎ ವೇಟಿಂಗ್’ ಆರಿಸಿಕೊಳ್ಳಿ. ಅದು ಮನುಷ್ಯರ ಕಿವಿಗೆ ಕೇಳಿಸುವ ಹಾಗೆ ಸದ್ದನ್ನು ತೂಗುವ ಲೆಕ್ಕ, ನಿಯಮದಲ್ಲಿರುವುದೂ ಅದೇ. ಒಂದು ಕ್ಷಣಕ್ಕೆ ಏರಿದ ಅಂಕಿ ಬರೆದುಕೊಳ್ಳಬೇಡಿ. ಹತ್ತು ನಿಮಿಷ ಬಿಟ್ಟು, ‘ಎಲ್‌ಇಕ್ಯೂ’ ಅಂತ ತೋರಿಸುವ ಸರಾಸರಿ ಬರೆದುಕೊಳ್ಳಿ. ಫೋನನ್ನು ಗೋಡೆಗೆ ಒರಗಿಸಬೇಡಿ, ಗೋಡೆಗೆ ತಾಗಿ ಬರುವ ಸದ್ದೂ ಸೇರಿಕೊಳ್ಳುತ್ತದೆ. ನಾವು ಹಿಂದಿನ ಕಿಟಕಿ ತೆರೆದಿಟ್ಟು, ಆಚೆ ಕುರ್ಚಿ ಹಾಕಿ, ಅದರ ಮೇಲೆ ಅಳೆದೆವು. ರಾತ್ರಿ ಹನ್ನೆರಡರ ಮೇಲೂ 68 ಡೆಸಿಬಲ್. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45.

ಈ 68ಕ್ಕೆ ಏನರ್ಥ ಅಂತ ಸ್ವಲ್ಪ ಹೇಳಬೇಕು, ಏಕೆಂದರೆ ‘45 ಇರಬೇಕಾದ ಕಡೆ 68 ಇದೆ’ ಅಂದರೆ ಕೇಳಿದವರಿಗೆ ಒಂದೂವರೆ ಪಟ್ಟು ಅಂತ ಅನ್ನಿಸಿಬಿಡುತ್ತದೆ. ಡೆಸಿಬಲ್ ಲೆಕ್ಕ ಹಾಗಲ್ಲ. 10 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ 10 ಪಟ್ಟು. 20 ಏರಿದರೆ 100 ಪಟ್ಟು. ಕಿವಿಗೆ ಪ್ರತಿ ಹತ್ತಕ್ಕೂ ಸುಮಾರು ಎರಡರಷ್ಟು ಕೇಳಿಸುತ್ತದೆ. ಅಂದರೆ ನಮ್ಮ ಕಿಟಕಿಗೆ ಬಂದು ಬೀಳುತ್ತಿದ್ದ ಶಕ್ತಿ ಮಿತಿಗಿಂತ ನೂರು ಪಟ್ಟಿಗೂ ಜಾಸ್ತಿ. ಈ ಮಾತನ್ನು ದೂರಿನಲ್ಲೂ ಒಂದು ಸಾಲು ಬರೆದಿದ್ದೆವು.

ಅಳೆಯುತ್ತಾ ಕಾಂಪೌಂಡಿನ ಆಚೆ ಹೋದಾಗಲೇ ವಾಚ್‌ಮನ್ ಸಂಸಾರ ಕಂಡಿದ್ದು. ಗದಗ ಕಡೆಯವರು, ಗಂಡ, ಹೆಂಡತಿ, ಇನ್ನೂ ಮಾತು ಕಲಿಯುತ್ತಿದ್ದ ಮಗು. ಜನರೇಟರ್‌ಗೆ ನಾಲ್ಕು ಹೆಜ್ಜೆ ದೂರದಲ್ಲಿ ತಗಡಿನ ಶೆಡ್. ಬಾಗಿಲಲ್ಲಿ ಫೋನ್ ಹಿಡಿದರೆ 90ರ ಆಸುಪಾಸು. ಕಾರ್ಖಾನೆ ಕೆಲಸಗಾರರಿಗೆ ನಮ್ಮಲ್ಲಿ ಮಿತಿ ದಿನಕ್ಕೆ 8 ಗಂಟೆ, 90 ಡೆಸಿಬಲ್. ಇವರು ಅಲ್ಲೇ ಉಣ್ಣುತ್ತಿದ್ದರು, ಅಲ್ಲೇ ಮಲಗುತ್ತಿದ್ದರು. ಆಕೆ ಪ್ರತಿ ಮಾತನ್ನೂ ಕೂಗಿಯೇ ಹೇಳುತ್ತಿದ್ದರು. ಜನರೇಟರ್ ನಿಂತಾಗಲೂ ಕೂಗುತ್ತಿದ್ದರು. ‘ಕಿವ್ಯಾಗ ಗುಂಯ್ ಅಂತೈತ್ರೀ ಅಕ್ಕಾರ. ಮಷೀನ್ ಬಂದ್ ಮಾಡಿದ್ರೂ ಹೋಗಂಗಿಲ್ಲ.’ ಕಿವಿಯ ಒಳಗೆ ಸದ್ದು ಹಿಡಿಯುವ, ಕೂದಲಿನಂಥ ಎಳೆಗಳಿರುವ ಜೀವಕೋಶಗಳಿವೆ. ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಮಾತು ಕಲಿಯುವ ಮಗು ಕೇಳಿ ಕಲಿಯಬೇಕು, ಅಲ್ವಾ? ಅಲ್ಲಿ ಕೇಳಿಸುತ್ತಿದ್ದದ್ದು ಇಂಜಿನ್ ಒಂದೇ.

ದೂರಿಗೆ ಸಹಿ ಹಾಕುತ್ತೀರಾ ಅಂತ ಕೇಳಿದೆ. ಆತ ತಲೆಯಾಡಿಸಿದರು. ‘ನೀವ ಬರೀರಿ ಅಕ್ಕಾರ. ನಾವು ಸೈನ್ ಹಾಕಿದ್ರ ನಾಳೆ ಕೆಲಸ ಇರಂಗಿಲ್ಲ.’ ನಾನು ಈ ಕೆಲಸವನ್ನು ಅರ್ಧಕ್ಕೆ ಬಿಡದೆ ಇದ್ದದ್ದಕ್ಕೆ ಅಮ್ಮನ ಬಿಪಿ ಎಷ್ಟು ಕಾರಣವೋ ಆ ಶೆಡ್ಡೂ ಅಷ್ಟೇ ಕಾರಣ. ಸದ್ದಿಗೆ ತೀರಾ ಹತ್ತಿರ ಇರುವವರಿಗೆ ದೂರು ಕೊಡುವ ಸ್ವಾತಂತ್ರ್ಯವೇ ಇರುವುದಿಲ್ಲ.

ದೂರು ಕೊಡಲಾಗದ ಇನ್ನೂ ಕೆಲವು ಜೀವಗಳಿದ್ದವು. ಆ ಮಾವಿನ ಮರದ ಪೊಟರೆಯಲ್ಲಿ ಒಂದು ಜೋಡಿ ಹಾಲಕ್ಕಿ, ಅಂದರೆ ಪುಟ್ಟ ಗೂಬೆ, ಇದ್ದವು. ಚುಕ್ಕೆ ಚುಕ್ಕೆ ಮೈ, ಹಳದಿ ಕಣ್ಣು, ಸಂಜೆಯಾದರೆ ಕೇಬಲ್ ಮೇಲೆ ಬಂದು ಕೂರುತ್ತಿದ್ದವು. ಜನರೇಟರ್ ಬಂದ ಕೆಲವು ವಾರಕ್ಕೆ ಕಾಣೆಯಾದವು. ಕೊಂಬೆ ಕಡಿದದ್ದೂ ಕಾರಣ ಇರಬಹುದು, ಸದ್ದೊಂದರ ಮೇಲೇ ಹೊರಿಸುವುದಿಲ್ಲ. ಆದರೆ ಗೂಬೆ ಜಾತಿಗೆ ಕಿವಿ ಎಷ್ಟು ಮುಖ್ಯ ಅಂದರೆ, ಕಣಜ ಗೂಬೆ ಪೂರ್ತಿ ಕತ್ತಲಲ್ಲಿ ಬರೀ ಸದ್ದು ಕೇಳಿಯೇ ಇಲಿ ಹಿಡಿಯುತ್ತದೆ. ಒಣಗಿದ ಎಲೆಯ ಮೇಲೆ ಇಲಿ ಓಡಾಡುವ ಸರಪರ ಸದ್ದು ಇಂಜಿನ್ ಸದ್ದಿನಲ್ಲಿ ಮುಳುಗಿದರೆ ಅದಕ್ಕೆ ಊಟವಿಲ್ಲ. ನೆಲದ ಮೇಲಿನ ಹುಳುಗಳ ಸದ್ದು ಕೇಳಿಯೇ ಬೇಟೆಯಾಡುವ ಬಾವಲಿಗಳೂ ಗದ್ದಲದ ಜಾಗವನ್ನು ಆದಷ್ಟು ಬಿಟ್ಟು ಹೋಗುತ್ತವೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ನಮಗೆ ಹತ್ತಿರದಲ್ಲೇ ಇರುವ ಐಐಎಸ್‌ಸಿ, ಅಂದರೆ ಟಾಟಾ ಇನ್‌ಸ್ಟಿಟ್ಯೂಟ್ ಕ್ಯಾಂಪಸ್‌ನಲ್ಲಿ ಕಾಡುಪಾಪ ಇದೆ. ಅದೂ ರಾತ್ರಿ ಹೊತ್ತು ಹುಳ ಹಿಡಿದು ಬದುಕುವ ಪ್ರಾಣಿ, ಸಿಳ್ಳೆ ಹಾಕಿ ತನ್ನವರನ್ನು ಕರೆಯುತ್ತದೆ. ಇಂಥ ಜೀವಗಳು ಈ ಊರಲ್ಲಿ ಇನ್ನೂ ಉಳಿದಿರುವುದೇ ದೊಡ್ಡ ಭಾಗ್ಯ.

ಒಂದು ಹಕ್ಕಿ ಮಾತ್ರ ಬಿಟ್ಟು ಹೋಗಿರಲಿಲ್ಲ, ಮಡಿವಾಳ. ದಿನಾ ಸಂಜೆ ಡೀಸೆಲ್ ತುಂಬಲು ಜನರೇಟರನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದರು. ನಿಂತ ತಕ್ಷಣ ಮಡಿವಾಳ ಹಾಡಲು ಶುರು ಮಾಡುತ್ತಿತ್ತು. ಮತ್ತೆ ಸ್ಟಾರ್ಟ್ ಆದರೆ ಅಲ್ಲಿಗೆ ನಿಲ್ಲಿಸುತ್ತಿತ್ತು. ಗಂಡು ಹಕ್ಕಿ ಹಾಡುವುದು ಹೆಣ್ಣನ್ನು ಕರೆಯಲು, ತನ್ನ ಜಾಗ ಇದು ಅಂತ ಸಾರಲು. ಅದಕ್ಕೆ ಸಿಗುತ್ತಿದ್ದದ್ದು ಡೀಸೆಲ್ ತುಂಬುವಷ್ಟು ಹೊತ್ತು. ನೆದರ್ಲೆಂಡ್ಸ್‌ನ ಲೈಡನ್ ಊರಿನಲ್ಲಿ ಗ್ರೇಟ್ ಟಿಟ್ ಅನ್ನುವ ಪುಟ್ಟ ಹಕ್ಕಿಗಳು ಗದ್ದಲದ ಜಾಗದಲ್ಲಿ ತಗ್ಗಿನ ಸ್ವರ ಬಿಟ್ಟು, ಏರು ಸ್ವರದಲ್ಲಿ ಹಾಡುತ್ತವೆ ಅಂತ 2003ರಲ್ಲಿ ತೋರಿಸಿದರು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹಗಲು ಗದ್ದಲ ಇರುವ ಕಡೆ ರಾಬಿನ್ ಹಕ್ಕಿಗಳು ರಾತ್ರಿ ಹಾಡುವುದನ್ನು ಕಂಡುಕೊಂಡರು. 2020ರ ಲಾಕ್‌ಡೌನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಿಳಿ ನೆತ್ತಿಯ ಸ್ಪ್ಯಾರೋಗಳು ಮೆಲ್ಲಗೆ, ಆದರೆ ಇನ್ನೂ ಚೆನ್ನಾಗಿ ಹಾಡಿದವು. ಬೆಂಗಳೂರಿನಲ್ಲೂ ಆಗ ‘ಇಷ್ಟೊಂದು ಹಕ್ಕಿ ಎಲ್ಲಿದ್ವು’ ಅಂತ ಎಲ್ಲರೂ ಕೇಳಿದ್ದು ನೆನಪಿದೆ. ಅವು ಇಲ್ಲೇ ಇದ್ದವು, ಸದ್ದಿನಲ್ಲಿ ನಮಗೆ ಕೇಳಿಸುತ್ತಿರಲಿಲ್ಲ ಅಷ್ಟೇ.

ಮೊದಲು ಕಟ್ಟಡದ ಮ್ಯಾನೇಜರ್ ಹತ್ತಿರ ಹೋದೆವು. ‘ಟೆಂಪರರಿ ಮೇಡಂ, ಕರೆಂಟ್ ಬಂದ್ಮೇಲೆ ತೆಗೀತೀವಿ’ ಅಂದರು. ಯಾವಾಗ ಬರುತ್ತದೆ ಅಂದರೆ ಉತ್ತರವಿಲ್ಲ. ಆ ರಾತ್ರಿ 112ಕ್ಕೆ ಫೋನ್ ಮಾಡಿದಾಗ ಬಂದ ಪೊಲೀಸರು ನೇರವಾಗಿ ಹೇಳಿದರು: ‘ಮೈಕ್ ಆಗಿದ್ರೆ ಈಗ್ಲೇ ಎತ್ತಿಸ್ತಿದ್ವಿ. ಜನರೇಟರ್‌ಗೆ ಪೊಲ್ಯೂಷನ್ ಬೋರ್ಡ್‌ಗೆ ಬರೀರಿ ಮೇಡಂ, ಅವರ ಹತ್ರ ಮೀಟರ್ ಇರುತ್ತೆ.’ ಒಳ್ಳೆ ಸಲಹೆ.

ದೂರು ಬರೆಯಲು ಬೀದಿಯವರೆಲ್ಲ ನಮ್ಮ ಜಗಲಿ ಮೇಲೆ ಕೂತೆವು. ಪಕ್ಕದ ಮನೆ ಆಂಟಿ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ‘ಒಂದು ಪೇಜ್ ದಾಟಬಾರದು, ದಾಟಿದ್ರೆ ಯಾರೂ ಓದಲ್ಲ’ ಅಂದರು. ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45. ಕಮರ್ಷಿಯಲ್‌ಗೆ 65, 55. ಕೈಗಾರಿಕೆಗೆ 75, 70. ಆಸ್ಪತ್ರೆ, ಶಾಲೆ-ಕಾಲೇಜು, ಕೋರ್ಟು ಇವುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತ ಘೋಷಿಸಿದರೆ ಅಲ್ಲಿ 50, 40. ಕೆರೆ, ಪಾರ್ಕು, ಹಕ್ಕಿ ಗೂಡು ಕಟ್ಟುವ ಮರ ಆ ಪಟ್ಟಿಯಲ್ಲಿಲ್ಲ. ಇರಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಮಿತಿಗಿಂತ 10 ಡೆಸಿಬಲ್ ಮೀರಿದರೆ ಯಾರು ಬೇಕಾದರೂ ದೂರು ಕೊಡಬಹುದು. ಜೊತೆಗೆ ಗಾಳಿ ಮಾಲಿನ್ಯದ 1981ರ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ತಂದು, ಶಬ್ದವನ್ನೂ ಗಾಳಿ ಕೆಡಿಸುವ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ. ಮಾಲಿನ್ಯ ಮಂಡಳಿ ಬರಬೇಕಾದದ್ದು ಇದಕ್ಕೇ.

ನಮಗೆ ತುಂಬಾ ಕೆಲಸಕ್ಕೆ ಬಂದದ್ದು ಜನರೇಟರ್‌ಗೇ ಅಂತ ಇರುವ ನಿಯಮ. 2005ರಿಂದ ಈಚೆಗೆ ತಯಾರಾದ 1000 ಕೆವಿಎವರೆಗಿನ ಡೀಸೆಲ್ ಸೆಟ್‌ಗಳು ಸದ್ದು ತಡೆಯುವ ಕ್ಯಾನೊಪಿ ಜೊತೆಗೇ ಬರಬೇಕು. ಕ್ಯಾನೊಪಿಯಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ದಾಟಬಾರದು. ಅದಕ್ಕಿಂತ ಹಳೇ ಸೆಟ್ ಆದರೆ ಕನಿಷ್ಠ 25 ಡೆಸಿಬಲ್ ತಗ್ಗಿಸುವ ಪೆಟ್ಟಿಗೆಯನ್ನೋ ಕೋಣೆಯನ್ನೋ ಮಾಲೀಕರೇ ಮಾಡಿಸಬೇಕು, ಹೊಗೆ ಕೊಳವೆಗೆ ಅಷ್ಟೇ ತಗ್ಗಿಸುವ ಮಫ್ಲರ್ ಹಾಕಬೇಕು. ಸೆಟ್ ಹಳೇದೋ ಹೊಸದೋ, ಬಾಡಿಗೆಯದೋ ಸ್ವಂತದ್ದೋ, ಮರೆಯಿಲ್ಲದೆ ಬಯಲಲ್ಲಿ ಇಟ್ಟು ಓಡಿಸುವಂತಿಲ್ಲ. ಇದನ್ನು ಬರೆದು, ಅಳತೆಗಳನ್ನು ತಾರೀಖು ಸಮಯದ ಸಮೇತ ಬರೆದು, ಜನರೇಟರ್ ಮತ್ತು ಫೋನಿನ ಗಡಿಯಾರ ಎರಡೂ ಕಾಣುವ ಫೋಟೋ ಸೇರಿಸಿ, ಎಲ್ಲರೂ ಸಹಿ ಹಾಕಿದೆವು. ತಪಾಸಣೆ ರಾತ್ರಿ 10ರ ಮೇಲೆ, ಕಟ್ಟಡದವರಿಗೆ ತಿಳಿಸದೆ ನಡೆಸಬೇಕು ಅಂತ ಕೊನೆಗೆ ಕೇಳಿಕೊಂಡೆವು. ಈ ಸಾಲು ಮರೆಯಬೇಡಿ. ಹಗಲು ಬಂದರೆ ರಸ್ತೆಯ ಸದ್ದಿನಲ್ಲಿ ಎಲ್ಲ ಕಲಸಿಹೋಗುತ್ತದೆ.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಹೆಡ್ ಆಫೀಸು ಚರ್ಚ್ ಸ್ಟ್ರೀಟ್‌ನ ಪರಿಸರ ಭವನ. ಆದರೆ ಪ್ರತಿ ಏರಿಯಾಕ್ಕೂ ಬೇರೆ ಪ್ರಾದೇಶಿಕ ಕಚೇರಿ ಇರುತ್ತದೆ. ನಿಮ್ಮದು ಯಾವುದು ಅಂತ ಕೇಳಿಕೊಂಡು ಅಲ್ಲಿಗೇ ಕೊಡಿ. ಕಾಪಿ ಮೇಲೆ ಸೀಲು, ತಾರೀಖು, ದೂರಿನ ನಂಬರ್ ಹಾಕಿಸಿಕೊಳ್ಳಿ. ಮುಂದೆ ಫೋನ್ ಮಾಡಿ ಕೇಳುವಾಗ ಆ ನಂಬರ್ ಒಂದೇ ಆಧಾರ.

ಅವರು ಬಂದರು, ರಾತ್ರಿಯೇ ಬಂದರು. ಇಬ್ಬರಿದ್ದರು. ಟ್ರೈಪಾಡ್ ಮೇಲೆ ಮೀಟರ್, ಅದರ ತುದಿಗೆ ಗಾಳಿ ಸದ್ದು ತಡೆಯುವ ಕಪ್ಪು ಸ್ಪಂಜಿನ ಉಂಡೆ. ಅಳೆಯುವ ಮುಂಚೆ ಉಂಡೆ ತೆಗೆದು, ಮೈಕಿನ ಮೂತಿಗೆ ಬೆರಳುದ್ದದ ಒಂದು ಸಿಲಿಂಡರ್ ಸಿಕ್ಕಿಸಿದರು. ಅದರಿಂದ ಸಣ್ಣಗೆ ಒಂದೇ ಸ್ವರ ಬಂತು. ‘ಇದು 94 ಡೆಸಿಬಲ್ ಕೊಡುತ್ತೆ. ಮೀಟರಲ್ಲಿ 94 ಬಂದ್ರೆ ಮೀಟರ್ ಸರಿ ಇದೆ ಅಂತ’ ಅಂದರು. ಬಂತು. ನಮ್ಮ ಕಾಂಪೌಂಡಿನ ಬಳಿ ಜನರೇಟರ್ ಓಡುತ್ತಿರುವಾಗ 67. ಆಮೇಲೆ ಅದನ್ನು ನಿಲ್ಲಿಸಲು ಹೇಳಿ ಮತ್ತೆ ಅಳೆದರು, 47. ಎರಡನೇ ಅಳತೆ ಯಾಕೆ ಅಂತ ಕೇಳಿದೆ. ಊರಿನ ಸದ್ದು ಎಷ್ಟು, ಯಂತ್ರದ್ದು ಎಷ್ಟು ಅಂತ ಬೇರೆ ಮಾಡಿ ತೋರಿಸದಿದ್ದರೆ, ರಸ್ತೆ ಸದ್ದಿನ ಮೇಲೆ ಹಾಕಿಬಿಡುತ್ತಾರಂತೆ.

ಓಡಿ ಬಂದ ಮ್ಯಾನೇಜರ್ ಹಾಗೇ ಶುರು ಮಾಡಿದರು. ಇದು ಕಮರ್ಷಿಯಲ್ ರೋಡು, 45 ಲೆಕ್ಕಕ್ಕೆ ಬರುವುದಿಲ್ಲ ಅಂದರು. ಅಧಿಕಾರಿ ಸಮಾಧಾನವಾಗಿಯೇ ಉತ್ತರ ಕೊಟ್ಟರು. ‘ನಿಮ್ಮ ಮುಂದಿನ ರೋಡ್ ಏನಾದ್ರೂ ಇರ್ಲಿ, ಹಿಂದೆ ಇರೋದು ಮನೆಗಳು. ಕಮರ್ಷಿಯಲ್ ಅಂತಾನೇ ಇಟ್ಕೊಳ್ಳಿ, 55 ದಾಟಿಲ್ವಾ? ಕ್ಯಾನೊಪಿ ಎಲ್ಲಿ ತೋರ್ಸಿ.’ ಆಮೇಲೆ ನೋಟಿಸ್ ಹೋಯಿತು.

ನೋಟಿಸ್ ಬಂದ ಮೇಲೆ ಮಾಲೀಕರು ತಾವೇ ಬಂದರು. ವಯಸ್ಸಾದವರು, ಮರ್ಯಾದೆಯಿಂದಲೇ ಮಾತಾಡಿದರು. ಪಕ್ಕದ ಮನೆ ಆಂಟಿ ಅವರನ್ನು ಶೆಡ್ ಒಳಗೆ ಕರೆದುಕೊಂಡು ಹೋಗಿ, ‘ಸರ್, ಇಲ್ಲಿ ಐದು ನಿಮಿಷ ಕೂತ್ಕೊಳ್ಳಿ’ ಅಂದರು. ಮಗು ಚಾಪೆ ಮೇಲೆ ಮಲಗಿತ್ತು, ಅಮ್ಮನ ಸೆರಗನ್ನು ಕಿವಿಗೆ ಸುತ್ತಿದ್ದರು. ಮಾಲೀಕರು ಐದು ನಿಮಿಷ ಕೂರಲಿಲ್ಲ. ಆಚೆ ಬಂದು ಮ್ಯಾನೇಜರ್‌ಗೆ, ಈ ಸಂಸಾರವನ್ನು ಇವತ್ತೇ ಮುಂದಿನ ಸೆಕ್ಯೂರಿಟಿ ರೂಮಿಗೆ ಬಿಡಿ ಅಂದರು. ನಿಯಮದಲ್ಲಿ ಇರದ ಕೆಲಸ ಅದು. ಅವರಿಗೆ ಅದಕ್ಕಾಗಿ ನಮಸ್ಕಾರ ಹೇಳುತ್ತೇನೆ.

ಕ್ಯಾನೊಪಿ ಬಂತು. ದಪ್ಪ ಸ್ಟೀಲಿನ ದೊಡ್ಡ ಪೆಟ್ಟಿಗೆ, ಒಳಗೋಡೆಗೆ ತೂತು ತೂತಿನ ಶೀಟು, ಅದರ ಹಿಂದೆ ಸದ್ದು ಹೀರುವ ಉಣ್ಣೆಯಂಥ ಪದರ. ಸೆಟ್ಟಿನ ಕೆಳಗೆ ರಬ್ಬರ್ ಪ್ಯಾಡ್ ಕೊಟ್ಟರು, ನೆಲದ ನಡುಕ ಅಲ್ಲಿಗೇ ನಿಂತಿತು. ಲೋಟದ ತಟ್ಟೆ ಸುಮ್ಮನಾದದ್ದು ಪೆಟ್ಟಿಗೆಯಿಂದಲ್ಲ, ಆ ರಬ್ಬರಿನಿಂದ. ಹೊಸ ಮಫ್ಲರ್ ಹಾಕಿ, ಹೊಗೆ ಕೊಳವೆಯನ್ನು ಕಟ್ಟಡದ ತಾರಸಿಗಿಂತ ಮೇಲಕ್ಕೆ ಎತ್ತಿದರು. ಅದಕ್ಕೂ ಲೆಕ್ಕವಿದೆ: ಕೆವಿಎಯ ವರ್ಗಮೂಲ ತೆಗೆದು 0.2ರಿಂದ ಗುಣಿಸಿದರೆ ಬರುವಷ್ಟು ಮೀಟರ್, ಕಟ್ಟಡದ ಎತ್ತರದ ಮೇಲೆ. 125ಕ್ಕೆ ಸುಮಾರು 2.2 ಮೀಟರ್. ಮಗ ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿ, ಕೆಲಸದವರ ಟೇಪಿನಲ್ಲೇ ಅಳೆಸಿದ.

ಈಗ ಜನರೇಟರ್ ಓಡುವಾಗ ನಮ್ಮ ಕಿಟಕಿಯಲ್ಲಿ 51. ಅಂದರೆ ರಾತ್ರಿಯ ಮಿತಿಗಿಂತ ಇನ್ನೂ ಜಾಸ್ತಿಯೇ. ಆದರೆ ಕಾಯಂ ಕರೆಂಟ್ ಬಂದಿರುವುದರಿಂದ ಪವರ್ ಕಟ್ ಆದಾಗ ಮಾತ್ರ ಓಡುತ್ತದೆ. ವಾರಕ್ಕೊಮ್ಮೆ ಟೆಸ್ಟ್ ಮಾಡುವುದನ್ನು ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಅಂತ ಬರೆದುಕೊಟ್ಟಿದ್ದಾರೆ. ಅಮ್ಮನ ನಿದ್ದೆ ಪರವಾಗಿಲ್ಲ. ಬಿಪಿ ಮಾತ್ರೆಯ ಡೋಸನ್ನು ಡಾಕ್ಟರ್ ಇನ್ನೂ ಇಳಿಸಿಲ್ಲ. ಮಗುವಿನ ಕಿವಿ ಟೆಸ್ಟ್ ಮಾಡಿಸಿದೆವು, ತೊಂದರೆ ಇಲ್ಲ ಅಂದರು. ತಾಯಿಗೆ ಗುಂಯ್ ಅನ್ನುವುದು ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಮಡಿವಾಳಕ್ಕೆ ಡೀಸೆಲ್ ಹೊತ್ತಿಗೆ ಕಾಯುವ ಅಗತ್ಯ ಇಲ್ಲ. ಹಾಲಕ್ಕಿಗಳು ವಾಪಸ್ ಬಂದಿಲ್ಲ.

ಆ ಕಟ್ಟಡದ ತಾರಸಿಯ ಮೇಲಿನ ಎರಡು ಎಕ್ಸಾಸ್ಟ್ ಫ್ಯಾನ್ ಈಚೆಗೆ ರಾತ್ರಿಯಿಡೀ ತಿರುಗುತ್ತಿವೆ. ಮೊನ್ನೆ ರಾತ್ರಿ ಅಳೆದರೆ 57 ಬಂತು. ಜನರೇಟರ್ ನಿಂತಿತ್ತು, ಊರಿನ ಸದ್ದು ಆಗ 47 ಇತ್ತು, ಆದ್ದರಿಂದ ಇದು ಬಹುಪಾಲು ಫ್ಯಾನಿನದೇ ಇರಬೇಕು. ಮ್ಯಾನೇಜರ್‌ಗೆ ಬರೆದು ಕೊಟ್ಟಿದ್ದೇವೆ, ಬೇರಿಂಗ್ ಬದಲಾಯಿಸಿ ಮೂತಿಯನ್ನು ರಸ್ತೆ ಕಡೆ ತಿರುಗಿಸುತ್ತೇವೆ ಅಂದಿದ್ದಾರೆ. ಮುಂದಿನ ವಾರ ಮತ್ತೆ ಅಳೆಯುತ್ತೇವೆ. ಅಷ್ಟರೊಳಗೆ ಆಗದಿದ್ದರೆ ಅಂತ ಮಂಡಳಿಗೆ ಕೊಡುವ ಪತ್ರಕ್ಕೂ ಆಂಟಿ ಸಹಿ ಹಾಕಿಸಿ ಇಟ್ಟಿದ್ದಾರೆ, ಒಂದೇ ಪೇಜು.